‘ಇನ್ನೆಷ್ಟು ದಿನ?’ ಎಂಬುದಕ್ಕೆ ಒಂದೇ ಅಂಕಿ ಉತ್ತರವಲ್ಲ

ಮನೆಯಲ್ಲೊಬ್ಬರಿಗೆ ಜಠರದ ಕ್ಯಾನ್ಸರ್ ಇದೆಯೆಂದು ತಿಳಿದ ಗಳಿಗೆಯಿಂದ ಬಂಧುಗಳ ಮನಸ್ಸನ್ನು ಕೊರೆಯುವ ಪ್ರಶ್ನೆ ಒಂದೇ: ‘ಇನ್ನೆಷ್ಟು ದಿನ?’ ಸಾಮಾನ್ಯವಾಗಿ ಈ ಪ್ರಶ್ನೆಯನ್ನು ರೋಗಿ ಕೇಳುವುದಿಲ್ಲ. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಹಿರಿಯ ಮಗನೋ ಅಳಿಯನೋ ಮತ್ತೆ ವೈದ್ಯರ ಕೋಣೆಗೆ ಬಂದು ಕೇಳುತ್ತಾರೆ. ಅದರ ಹಿಂದೆಯೇ ಇನ್ನೊಂದು ಮಾತು: ‘ಅಪ್ಪಂಗೆ ಮಾತ್ರ ಗೊತ್ತಾಗೋದು ಬೇಡ ಡಾಕ್ಟ್ರೇ.’

ಹೊರಗೆ ಇನ್ನೂ ಹತ್ತಾರು ಜನ ಕಾಯುತ್ತಿರುತ್ತಾರೆ. ವೈದ್ಯರು ‘ಒಂದು ಆರು ತಿಂಗಳು ಅಂದ್ಕೊಳ್ಳಿ’ ಎಂದುಬಿಡುತ್ತಾರೆ. ಅಂದು ಸಂಜೆಯೇ ಆ ಅಂಕಿ ಹನುಮಂತನಗರದ ಮನೆಗೆ ಬಂದು ಸೇರುತ್ತದೆ. ರಾತ್ರಿಯೊಳಗೆ ಅದು ಗವಿಪುರದ ಚಿಕ್ಕಪ್ಪನಿಗೂ ಮೈಸೂರಿನ ಅತ್ತೆಗೂ ಅಮೆರಿಕದಲ್ಲಿರುವ ಮಗಳಿಗೂ ಗೊತ್ತು. ಗೊತ್ತಿಲ್ಲದವರು ಒಬ್ಬರೇ. ಆ ಆರು ತಿಂಗಳು ಯಾರದ್ದೋ ಅವರಿಗೆ ಮಾತ್ರ ಗೊತ್ತಿಲ್ಲ.

ಇಂಥ ಪ್ರಸಂಗ ಯಾವ ಬಡಾವಣೆಯಲ್ಲಾದರೂ ನಡೆಯುವಂಥದ್ದು. ಇದರಲ್ಲಿ ಎರಡು ತಪ್ಪುಗಳಿವೆ ಎಂಬುದು ಈ ಲೇಖನದ ವಾದ. ಸರಾಸರಿಯ ಅಂಕಿಯೊಂದನ್ನು ಮುಹೂರ್ತದಂತೆ ನಂಬುವುದು ಮೊದಲನೆಯ ತಪ್ಪು. ಅದನ್ನು ರೋಗಿಯಿಂದ ಬಚ್ಚಿಟ್ಟು ಅವರ ಪರವಾಗಿ ಎಲ್ಲವನ್ನೂ ತೀರ್ಮಾನಿಸುವುದು ಎರಡನೆಯದು. ಆಯುಸ್ಸಿನ ಅಂದಾಜು ಬೇಡವೆಂದಲ್ಲ, ಬೇಕು. ಆದರೆ ಅದು ಜಾತಕವಲ್ಲ. ಮುಂದೆ ಏನು ಮಾಡಬೇಕೆಂದು ತೀರ್ಮಾನಿಸಲು ಅದೊಂದು ಸಾಧನ.

ಅಂಕಿ ಬರುವುದು ಎಲ್ಲಿಂದ?

‘ಆರು ತಿಂಗಳು’ ಎಂಬ ಮಾತಿನ ಹಿಂದೆ ಇರುವುದು ಮಧ್ಯಾಂಕ. ಒಂದೇ ಹಂತದ ಕಾಯಿಲೆಯಿದ್ದ ನೂರು ರೋಗಿಗಳನ್ನು ಅವರು ಬದುಕಿದ ಅವಧಿಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ಸಾಲಿನ ನಡುವೆ ನಿಂತವರ ಅವಧಿಯೇ ಮಧ್ಯಾಂಕ. ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಮೊದಲೇ ತೀರಿಕೊಂಡಿರುತ್ತಾರೆ, ಇನ್ನರ್ಧ ಜನ ಆ ಗಡಿ ದಾಟಿ ಬದುಕಿರುತ್ತಾರೆ. ಸಾಲಿನ ಕೊನೆಯಲ್ಲಿ ಕೆಲವರು ಬಹಳ ದೂರ ಹೋಗಿರುತ್ತಾರೆ. ನಿಮ್ಮ ತಂದೆ ಆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆಂಬುದನ್ನು ಮಧ್ಯಾಂಕ ಹೇಳುವುದಿಲ್ಲ.

ಇದಕ್ಕೆ ಪ್ರಸಿದ್ಧ ಉದಾಹರಣೆ ಹಾರ್ವರ್ಡ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್. 1982ರಲ್ಲಿ ಅವರಿಗೆ ಹೊಟ್ಟೆಯ ಒಳಪದರದ ಅಪರೂಪದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಪುಸ್ತಕ ತೆರೆದು ನೋಡಿದರೆ ಮಧ್ಯಾಂಕ ಎಂಟು ತಿಂಗಳು ಎಂದಿತ್ತು. ಸಂಖ್ಯಾಶಾಸ್ತ್ರ ಬಲ್ಲ ಗೌಲ್ಡ್ ಆ ಅಂಕಿಯನ್ನು ತೀರ್ಪೆಂದು ಓದಲಿಲ್ಲ. ತಮ್ಮ ವಯಸ್ಸು, ಕಾಯಿಲೆ ಪತ್ತೆಯಾದ ಹಂತ, ಸಿಗುತ್ತಿದ್ದ ಚಿಕಿತ್ಸೆ ಇವನ್ನೆಲ್ಲ ಲೆಕ್ಕ ಹಾಕಿ, ತಾವು ಸಾಲಿನ ಹಿಂದಿನ ಅರ್ಧದಲ್ಲಿ ಇರುವ ಸಂಭವವೇ ಹೆಚ್ಚೆಂದು ಕಂಡುಕೊಂಡರು. ಇದನ್ನು 1985ರಲ್ಲಿ ಒಂದು ಲೇಖನವಾಗಿ ಬರೆದರು. ಅವರು ತೀರಿಕೊಂಡದ್ದು 2002ರಲ್ಲಿ, ಇಪ್ಪತ್ತು ವರ್ಷಗಳ ನಂತರ, ಅದೂ ಬೇರೊಂದು ಕ್ಯಾನ್ಸರಿನಿಂದ.

ಎಲ್ಲರೂ ಗೌಲ್ಡ್ ಆಗುತ್ತಾರೆಂದು ಇದರ ಅರ್ಥವಲ್ಲ. ಸಾಲಿನ ಮುಂದಿನ ಅರ್ಧದಲ್ಲೂ ಮನುಷ್ಯರೇ ಇದ್ದಾರೆ. ಆದ್ದರಿಂದ ಅಂಕಿ ಕೇಳಿದೊಡನೆ ಎದೆಗುಂದುವುದೂ ಬೇಡ, ಪವಾಡಕ್ಕಾಗಿ ಕಾದು ಕೂರುವುದೂ ಬೇಡ. ‘ಈ ಅಂಕಿ ಯಾರನ್ನು ನೋಡಿ ಹೇಳಿದ್ದು? ನಮ್ಮವರು ಅವರಂತೆಯೇ ಇದ್ದಾರೆಯೆ?’ ಎಂದು ಕೇಳಬೇಕು.

ಹಂತ ತಿಳಿಯದೆ ಲೆಕ್ಕವಿಲ್ಲ

ಜಠರದ ಕ್ಯಾನ್ಸರಿನಲ್ಲಿ ಆಯುಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಕಾಯಿಲೆಯ ಹಂತ. ಜಠರದ ಗೋಡೆಗೆ ಹಲವು ಪದರಗಳಿವೆ. ಗೆಡ್ಡೆ ಒಳಗಿನ ಪದರದಲ್ಲೇ ಇದೆಯೋ, ಗೋಡೆ ತೂರಿ ಹೊರಬಂದಿದೆಯೋ ಎಂಬುದು ಮೊದಲ ಪ್ರಶ್ನೆ. ಸುತ್ತಲಿನ ದುಗ್ಧಗ್ರಂಥಿಗಳಲ್ಲಿ ಎಷ್ಟಕ್ಕೆ ಹರಡಿದೆ ಎಂಬುದು ಎರಡನೆಯದು. ಲಿವರ್, ಶ್ವಾಸಕೋಶ, ಹೊಟ್ಟೆಯ ಒಳಪೊರೆ ಮುಂತಾದ ಕಡೆ ತಲುಪಿದೆಯೇ ಎಂಬುದು ಮೂರನೆಯದು.

ಹಂತ ಬದಲಾದಂತೆ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ. ಅಮೆರಿಕದ ರಾಷ್ಟ್ರೀಯ ಅಂಕಿಅಂಶಗಳ ಪ್ರಕಾರ, ಕಾಯಿಲೆ ಜಠರದಲ್ಲೇ ಇದ್ದಾಗ ಪತ್ತೆಯಾದವರಲ್ಲಿ ಸುಮಾರು ನಾಲ್ವರಲ್ಲಿ ಮೂವರು ಐದು ವರ್ಷ ದಾಟುತ್ತಾರೆ. ಹತ್ತಿರದ ಗ್ರಂಥಿಗಳಿಗೆ ಹರಡಿದ್ದರೆ ಸುಮಾರು ಮೂವರಲ್ಲಿ ಒಬ್ಬರು. ದೂರದ ಅಂಗಗಳಿಗೆ ಹರಡಿದ್ದರೆ ನೂರಕ್ಕೆ ಏಳರಷ್ಟು ಮಂದಿ ಮಾತ್ರ. ಈ ಮೂರು ಗುಂಪುಗಳಿಗೂ ಕಾಯಿಲೆಯ ಹೆಸರು ಒಂದೇ. ಹೀಗಿರುವಾಗ ಎಂಡೋಸ್ಕೋಪಿಯಲ್ಲಿ ಗೆಡ್ಡೆ ಕಂಡ ದಿನವೇ, ಬಯಾಪ್ಸಿಯ ವರದಿಯೂ ಸಿ.ಟಿ. ಸ್ಕ್ಯಾನೂ ಕೈಗೆ ಬರುವ ಮೊದಲೇ ಯಾರಾದರೂ ತಿಂಗಳ ಲೆಕ್ಕ ಹೇಳಿದರೆ, ಅದನ್ನು ತೂಕದ ಮಾತೆಂದು ತೆಗೆದುಕೊಳ್ಳಬೇಕಾಗಿಲ್ಲ.

ಶಸ್ತ್ರಚಿಕಿತ್ಸೆ ಆದವರ ಮನೆಯಲ್ಲಿ ಒಂದು ಕಾಗದವಿರುತ್ತದೆ. ಅದು ಹೊರತೆಗೆದ ಭಾಗದ ಪ್ರಯೋಗಾಲಯ ವರದಿ. ಇದನ್ನು ಬೀರುವಿನಲ್ಲಿಟ್ಟು ಮರೆಯಬಾರದು. ಅದರಲ್ಲಿ ‘18ರಲ್ಲಿ 3’ ಎಂಬರ್ಥದ ನಮೂದು ಇರುತ್ತದೆ. ಹದಿನೆಂಟು ಗ್ರಂಥಿಗಳನ್ನು ಪರೀಕ್ಷಿಸಿದಾಗ ಮೂರರಲ್ಲಿ ಕ್ಯಾನ್ಸರ್ ಕಂಡಿತು ಎಂದು ಅದರ ಅರ್ಥ. ಒಂದೆರಡು ಗ್ರಂಥಿಗಳಿದ್ದರೆ ಒಂದು ವರ್ಗ, ಮೂರರಿಂದ ಆರಿದ್ದರೆ ಇನ್ನೊಂದು, ಏಳು ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮತ್ತೊಂದು. ಕನಿಷ್ಠ ಹದಿನಾರು ಗ್ರಂಥಿಗಳನ್ನಾದರೂ ಪರೀಕ್ಷಿಸಬೇಕೆಂಬುದು ಈಗಿನ ಶಿಫಾರಸು. ಐದಾರನ್ನು ಮಾತ್ರ ನೋಡಿ ‘ಯಾವುದರಲ್ಲೂ ಇಲ್ಲ’ ಎಂದರೆ ಅದು ಪೂರ್ತಿ ಭರವಸೆಯ ಮಾತಲ್ಲ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕಣ ಉಳಿದಿದೆಯೇ ಎಂಬುದೂ ಅದೇ ವರದಿಯಲ್ಲಿರುತ್ತದೆ.

ಹಂತದ ನಂತರ ಲೆಕ್ಕಕ್ಕೆ ಬರುವುದು ರೋಗಿಯ ಕಸುವು. ಕುಮಾರಸ್ವಾಮಿ ದೇವಸ್ಥಾನದ ಮೆಟ್ಟಿಲನ್ನು ನಿಧಾನವಾಗಿಯಾದರೂ ಹತ್ತಿ ಬರುವವರಿಗೂ, ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುವವರಿಗೂ ಸ್ಕ್ಯಾನಿನಲ್ಲಿ ಕಾಯಿಲೆ ಒಂದೇ ರೀತಿ ಕಂಡರೂ ಮುಂದಿನ ದಾರಿ ಬೇರೆ. ತೂಕ ಎಷ್ಟು ಇಳಿದಿದೆ, ಊಟ ಎಷ್ಟು ಸೇರುತ್ತಿದೆ, ರಕ್ತಹೀನತೆ ಇದೆಯೇ, ಇವೆಲ್ಲ ವೈದ್ಯರ ಅಂದಾಜನ್ನು ಮೇಲೆ ಕೆಳಗೆ ಮಾಡುತ್ತವೆ. ಇವುಗಳಲ್ಲಿ ಕೆಲವನ್ನು ಮನೆಯವರ ಆರೈಕೆಯಿಂದ ಸುಧಾರಿಸಬಹುದೆಂಬುದು ಗಮನಿಸಬೇಕಾದ ಸಂಗತಿ.

ಅಂಕಿಗೂ ವಯಸ್ಸಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೂ ನಂತರವೂ ಕೀಮೋಥೆರಪಿ ಕೊಡುವ ಕ್ರಮದಲ್ಲಿ, ನಾಲ್ಕು ಔಷಧಿಗಳ ಹೊಸ ಜೋಡಣೆಯೊಂದನ್ನು ಜರ್ಮನಿಯಲ್ಲಿ ಪರೀಕ್ಷಿಸಲಾಯಿತು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಹಳೆಯ ಜೋಡಣೆ ಪಡೆದವರ ಮಧ್ಯಾಂಕ 35 ತಿಂಗಳಿದ್ದರೆ, ಹೊಸದು ಪಡೆದವರದು 50 ತಿಂಗಳು. ಕಾಯಿಲೆ ಹರಡಿದವರಲ್ಲೂ, ಗೆಡ್ಡೆಯ ಕಣಗಳ ಮೇಲೆ ‘ಹರ್-2’ ಎಂಬ ಪ್ರೋಟೀನ್ ಹೆಚ್ಚಿದ್ದರೆ ಟ್ರಾಸ್ಟುಜುಮಾಬ್ ಎಂಬ ಔಷಧಿಯನ್ನು ಕೀಮೋಥೆರಪಿಗೆ ಸೇರಿಸಿದಾಗ ಮಧ್ಯಾಂಕ 11.1 ತಿಂಗಳಿಂದ 13.8 ತಿಂಗಳಿಗೆ ಏರಿದ್ದನ್ನು 2010ರ ಅಧ್ಯಯನ ತೋರಿಸಿತು. ನೆಂಟರೊಬ್ಬರು ಇಪ್ಪತ್ತು ವರ್ಷದ ಹಿಂದೆ ಇದೇ ಕಾಯಿಲೆಯಿಂದ ಬೇಗ ತೀರಿಕೊಂಡರೆಂಬುದು ಇಂದಿನ ರೋಗಿಗೆ ಅಳತೆಗೋಲಾಗದು.

ವೈದ್ಯರ ಊಹೆಯೂ ಊಹೆಯೇ

ಅನುಭವಿ ವೈದ್ಯರಿಗೆ ಮುಖ ನೋಡಿದರೆ ಗೊತ್ತಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಅಮೆರಿಕದ ಷಿಕಾಗೋದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕೊನೆಯ ದಿನಗಳ ಆರೈಕೆಗೆ ಸೇರಿದ 468 ರೋಗಿಗಳ ಬಗ್ಗೆ 343 ವೈದ್ಯರನ್ನು ‘ಇವರು ಎಷ್ಟು ದಿನ ಬದುಕಬಹುದು?’ ಎಂದು ಕೇಳಲಾಯಿತು. 2000ನೇ ಇಸವಿಯಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಂದಾಜು ಹೆಚ್ಚುಕಡಿಮೆ ಸರಿಹೋದದ್ದು ನೂರಕ್ಕೆ 20ರಲ್ಲಿ ಮಾತ್ರ. 63ರಲ್ಲಿ ವೈದ್ಯರು ಇದ್ದದ್ದಕ್ಕಿಂತ ಹೆಚ್ಚು ಹೇಳಿದ್ದರು, 17ರಲ್ಲಿ ಕಡಿಮೆ ಹೇಳಿದ್ದರು. ರೋಗಿಯನ್ನು ಬಹಳ ಕಾಲದಿಂದ ಬಲ್ಲ ವೈದ್ಯರ ಅಂದಾಜು ಇನ್ನೂ ಹೆಚ್ಚು ತಪ್ಪಿತ್ತು. ಪರಿಚಯ ಬೆಳೆದಂತೆ ವೈದ್ಯರ ಮನಸ್ಸೂ ಮನೆಯವರ ಮನಸ್ಸಿನಂತೆಯೇ ಆಗುತ್ತದೆಂದು ಕಾಣುತ್ತದೆ.

ಇದು ವೈದ್ಯರನ್ನು ದೂಷಿಸುವ ಮಾತಲ್ಲ. ಒಂದೇ ಅಂಕಿ ಕೊಡಿ ಎಂದು ಪೀಡಿಸುವವರು ನಾವೇ. ಕೇಳುವ ರೀತಿಯನ್ನು ನಾವು ಬದಲಿಸಿಕೊಂಡರೆ ಉತ್ತರದ ರೀತಿಯೂ ಬದಲಾಗುತ್ತದೆ.

ಒಂದರ ಬದಲು ಮೂರು ಕೇಳಿ

ಆಸ್ಟ್ರೇಲಿಯಾದ ಕ್ಯಾನ್ಸರ್ ತಜ್ಞರು ಇದಕ್ಕೊಂದು ಸರಳ ದಾರಿ ತೋರಿಸಿದ್ದಾರೆ. ಹರಡಿದ ಕ್ಯಾನ್ಸರಿಗೆ ಚಿಕಿತ್ಸೆ ಆರಂಭಿಸುವವರಿಗೆ ಒಂದು ಅಂಕಿಯ ಬದಲು ಮೂರು ಸಾಧ್ಯತೆಗಳನ್ನು ಹೇಳುವುದು ಆ ದಾರಿ. ಮಧ್ಯಾಂಕ 12 ತಿಂಗಳು ಎಂದಿಟ್ಟುಕೊಳ್ಳಿ. ಸುಮಾರು ಅರ್ಧದಷ್ಟು ಜನ ಅದರ ಅರ್ಧದಿಂದ ಎರಡರಷ್ಟು, ಅಂದರೆ 6ರಿಂದ 24 ತಿಂಗಳು ಬದುಕುತ್ತಾರೆ. ನೂರಕ್ಕೆ ಐದರಿಂದ ಹತ್ತು ಮಂದಿ ಅದರ ಕಾಲುಭಾಗದೊಳಗೆ, ಅಂದರೆ 3 ತಿಂಗಳೊಳಗೆ ತೀರಿಕೊಳ್ಳುತ್ತಾರೆ. ಇನ್ನೊಂದು ಐದರಿಂದ ಹತ್ತು ಮಂದಿ ಅದರ ಮೂರು ನಾಲ್ಕು ಪಟ್ಟು, ಅಂದರೆ 3 ವರ್ಷ ಅಥವಾ ಅದಕ್ಕೂ ಮೀರಿ ಇರುತ್ತಾರೆ.

ಈಗ ಹೋಲಿಸಿ ನೋಡಿ. ‘ಒಂದು ವರ್ಷ’ ಎಂದು ಕೇಳಿದ ಮನೆ ಕ್ಯಾಲೆಂಡರ್ ನೋಡುತ್ತ ಕೂರುತ್ತದೆ. ಹದಿನಾಲ್ಕನೆಯ ತಿಂಗಳು ಬಂದರೆ ವೈದ್ಯರಿಗೆ ಏನೂ ಗೊತ್ತಿಲ್ಲ ಎನ್ನುತ್ತದೆ, ಐದನೆಯ ತಿಂಗಳಲ್ಲೇ ಸಾವು ಬಂದರೆ ಚಿಕಿತ್ಸೆಯಲ್ಲಿ ಮೋಸವಾಯಿತೆಂದು ನರಳುತ್ತದೆ. ಮೂರೂ ಸಾಧ್ಯತೆಗಳನ್ನು ಕೇಳಿದ ಮನೆ ಎರಡಕ್ಕೂ ಸಿದ್ಧವಾಗಬಲ್ಲದು. ಬೇಗ ಆಗಬಹುದೆಂದು ಮುಖ್ಯ ಕೆಲಸಗಳನ್ನು ಮೊದಲೇ ಮುಗಿಸಿಕೊಳ್ಳುತ್ತದೆ. ತಡವೂ ಆಗಬಹುದೆಂದು ಇರುವ ಹಣವನ್ನೆಲ್ಲ ಮೊದಲ ತಿಂಗಳೇ ಖರ್ಚು ಮಾಡದೆ ಉಳಿಸಿಕೊಳ್ಳುತ್ತದೆ.

ಅಂಕಿ ಯಾರ ಸ್ವತ್ತು?

ಇನ್ನು ಬಚ್ಚಿಡುವ ಮಾತು. ಬಚ್ಚಿಡುವವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಬಚ್ಚಿಡುತ್ತಾರೆ. ‘ಗೊತ್ತಾದರೆ ಅಪ್ಪ ಕುಸಿದುಬಿಡ್ತಾರೆ’ ಎಂಬುದು ಅವರ ಭಯ. ಈ ಭಯವನ್ನು ಹಗುರವಾಗಿ ಕಾಣಬಾರದು. ಆದರೆ ಬಚ್ಚಿಟ್ಟರೆ ನಿಜವಾಗಿ ಆಗುವುದೇನು? ಪದೇ ಪದೇ ಆಸ್ಪತ್ರೆ, ಉದುರುವ ಕೂದಲು, ಅಡುಗೆಮನೆಯಲ್ಲಿ ಪಿಸುಮಾತು, ಇದ್ದಕ್ಕಿದ್ದಂತೆ ಊರಿನಿಂದ ಬಂದಿಳಿಯುವ ನೆಂಟರು. ಅರವತ್ತು ವರ್ಷ ಸಂಸಾರ ನಡೆಸಿದ ಮನುಷ್ಯನಿಗೆ ಇವುಗಳ ಅರ್ಥ ತಿಳಿಯದೆ? ತಿಳಿಯುತ್ತದೆ. ಮಕ್ಕಳು ನೊಂದುಕೊಳ್ಳುತ್ತಾರೆಂದು ಅವರೂ ಸುಮ್ಮನಿರುತ್ತಾರೆ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಎಲ್ಲರೂ ಎಲ್ಲರಿಂದಲೂ ಮುಚ್ಚಿಡುವ ಸ್ಥಿತಿ ಅದು. ಮನಸ್ಸು ಬಿಚ್ಚಿ ಆಡಬಹುದಾಗಿದ್ದ ಕೊನೆಯ ಮಾತುಗಳೆಲ್ಲ ಹೀಗೆ ಆಡದೆಯೇ ಉಳಿಯುತ್ತವೆ.

ಇದರಿಂದ ವ್ಯವಹಾರದ ನಷ್ಟವೂ ಇದೆ. ಮೂರನೆಯ ಸುತ್ತಿನ ಕೀಮೋಥೆರಪಿ ತೆಗೆದುಕೊಳ್ಳಬೇಕೆ, ಅದರಿಂದ ಸಿಗುವ ಕೆಲವು ವಾರಗಳಿಗಾಗಿ ವಾಂತಿ ಸುಸ್ತುಗಳನ್ನು ಸಹಿಸಬೇಕೆ, ಮನೆ ಅಡವಿಡಬೇಕೆ, ಇವು ಮಕ್ಕಳು ಮಾತ್ರ ತೀರ್ಮಾನಿಸುವ ವಿಷಯಗಳಲ್ಲ. ಕೆಲವರಿಗೆ ಮೊಮ್ಮಗಳ ಮದುವೆ ನೋಡುವ ಆಸೆ, ಅದಕ್ಕಾಗಿ ಎಂಥ ಚಿಕಿತ್ಸೆಗೂ ಸಿದ್ಧ. ಇನ್ನು ಕೆಲವರಿಗೆ ಹುಟ್ಟಿದ ಊರಿಗೆ ಒಮ್ಮೆ ಹೋಗಿ ಬಂದರೆ ಸಾಕು. ಬ್ಯಾಂಕಿನ ನಾಮನಿರ್ದೇಶನ, ಉಯಿಲು, ಕೊಟ್ಟು ತೆಗೆದುಕೊಳ್ಳಬೇಕಾದ ಸಾಲ ಇವುಗಳ ವಿವರ ಹಲವು ಮನೆಗಳಲ್ಲಿ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ.

ಕಾನೂನೂ ಈಗ ರೋಗಿಯ ಕಡೆಗೇ ಇದೆ. ಚೇತರಿಕೆಯ ಆಸೆ ಇಲ್ಲದಾಗ ವೆಂಟಿಲೇಟರ್‌ನಂಥ ಕೃತಕ ಆಸರೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯ ಮಾಡಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಈ ಹಕ್ಕನ್ನು ಬಳಸಲು ರೋಗಿಗೆ ತನ್ನ ಸ್ಥಿತಿ ತಿಳಿದಿರಬೇಕಷ್ಟೆ.

ಹಾಗೆಂದು ಎಲ್ಲರಿಗೂ ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳಬೇಕಾಗಿಲ್ಲ. ತಿಳಿಯದಿರುವ ಹಕ್ಕೂ ರೋಗಿಗಿದೆ. ಆದರೆ ಆ ಹಕ್ಕನ್ನು ಚಲಾಯಿಸಬೇಕಾದವರು ಅವರು, ನಾವಲ್ಲ. ವೈದ್ಯರು ಅವರನ್ನೇ ಕೇಳಲಿ: ‘ರಾಯರೇ, ನಿಮ್ಮ ಕಾಯಿಲೆಯ ಬಗ್ಗೆ ಎಷ್ಟು ವಿವರ ಬೇಕು? ನಿಮಗೇ ಹೇಳಲೆ, ಮಗನಿಗೆ ಹೇಳಿದರೆ ಸಾಕೆ?’ ‘ಮಗನಿಗೆ ಹೇಳಿ ಸಾಕು’ ಎಂದರೆ ಅದನ್ನು ಗೌರವಿಸೋಣ. ‘ನನಗೇ ಹೇಳಿ’ ಎಂದರೆ, ನಾವು ಬಾಗಿಲು ಅಡ್ಡಗಟ್ಟಿ ನಿಲ್ಲಬಾರದು.

ನಮ್ಮ ಊರಿನ ಲೆಕ್ಕ

ಮೇಲೆ ಕೊಟ್ಟ ಅಂಕಿಗಳೆಲ್ಲ ಹೊರದೇಶದವು. ನಮ್ಮ ಊರಿನ ಲೆಕ್ಕವೇ ಬೇಕಲ್ಲವೆ? ಬೆಂಗಳೂರಿನಲ್ಲಿ ಅದಕ್ಕೆ ಬುನಾದಿ ಇದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಯಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ದೇಶದ ಮೊದಲ ನೋಂದಣಿಗಳಲ್ಲಿ ಇದೂ ಒಂದು. ಬೆಂಗಳೂರಿನ ಗಂಡಸರಲ್ಲಿ ಜಠರದ ಕ್ಯಾನ್ಸರ್ ಮುಂಚೂಣಿಯಲ್ಲಿರುವ ಕ್ಯಾನ್ಸರುಗಳಲ್ಲೊಂದು ಎಂದು ತಿಳಿದಿರುವುದು ಇಂಥ ನೋಂದಣಿಯಿಂದಲೇ.

ಆದರೆ ಎಷ್ಟು ಜನರಿಗೆ ಕಾಯಿಲೆ ಬಂತೆಂದು ಎಣಿಸುವುದಕ್ಕಿಂತ, ಬಂದವರು ಎಷ್ಟು ಕಾಲ ಬದುಕಿದರೆಂದು ಎಣಿಸುವುದು ಕಷ್ಟ. ಚಿಕಿತ್ಸೆ ಮುಗಿದ ಮೇಲೆ ರೋಗಿ ಆಸ್ಪತ್ರೆಗೆ ಬರುವುದು ನಿಲ್ಲುತ್ತದೆ, ಮನೆ ಬದಲಾಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ. ಗುಣವಾಗಿ ಸುಖವಾಗಿರುವವರೂ ಕಾಣೆ, ತೀರಿಕೊಂಡವರೂ ಕಾಣೆ. ಇಬ್ಬರೂ ಪುಸ್ತಕದಲ್ಲಿ ‘ವಿವರ ತಿಳಿಯದು’ ಎಂದಾಗುತ್ತಾರೆ. ಆದ್ದರಿಂದ ಆಸ್ಪತ್ರೆಯಿಂದ ಫೋನ್ ಬಂದಾಗ, ಇನ್ನೇಕೆ ಎಂದು ಕತ್ತರಿಸಬೇಡಿ. ಐದು ವರ್ಷದ ನಂತರವೂ ‘ನಾನು ಚೆನ್ನಾಗಿದ್ದೇನೆ’ ಎಂಬ ನಿಮ್ಮ ಒಂದು ಮಾತು, ಮುಂದೆ ಬರುವ ಮತ್ತೊಬ್ಬ ರೋಗಿಗೆ ಹೇಳುವ ಅಂಕಿಯನ್ನು ಸರಿಪಡಿಸುತ್ತದೆ.

ಗುಣವಾಗುವ ಆಸೆ ಇಲ್ಲದವರಿಗೂ ಈ ಊರಿನಲ್ಲಿ ದಾರಿಯಿದೆ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ ‘ಕರುಣಾಶ್ರಯ’ 1999ರಿಂದ ಮಾರತ್‌ಹಳ್ಳಿಯ ಬಳಿ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ನೋವಿಗೆ ಬೇಕಾದ ಮಾರ್ಫಿನ್ ಸುಲಭವಾಗಿ ಸಿಗಲೆಂದು 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾಗಿದೆ. ವೈದ್ಯರ ಸಲಹೆಯಂತೆ ತೆಗೆದುಕೊಂಡರೆ ಅದು ಚಟವಾದೀತೆಂದು ಹೆದರಬೇಕಾಗಿಲ್ಲ. ನೋವು ತಗ್ಗಿಸುವ ಆರೈಕೆ ಕೊನೆಯ ವಾರಕ್ಕೆ ಮೀಸಲಲ್ಲ. ಚಿಕಿತ್ಸೆಯ ಜೊತೆಜೊತೆಗೇ ಆರಂಭವಾದಷ್ಟೂ ರೋಗಿಗೆ ಸುಖ.

ಅಂಕಿಯನ್ನೇ ಬದಲಿಸುವ ದಾರಿ

ದಕ್ಷಿಣ ಕೊರಿಯಾ ಮತ್ತು ಜಪಾನ್ ದೇಶಗಳಲ್ಲಿ ಈ ಕಾಯಿಲೆ ಬಂದವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಅಲ್ಲಿ ಕಾಯಿಲೆ ಹೆಚ್ಚಾಗಿರುವುದರಿಂದ ಸರ್ಕಾರವೇ ತಪಾಸಣೆ ನಡೆಸುತ್ತದೆ. ಕೊರಿಯಾದಲ್ಲಿ ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಜಠರದ ಪರೀಕ್ಷೆ ಇದೆ. ಬಹುಪಾಲು ಕಾಯಿಲೆ ಒಳಪದರದಲ್ಲಿದ್ದಾಗಲೇ ಸಿಕ್ಕಿಬೀಳುತ್ತದೆ.

ನಮ್ಮಲ್ಲಿ ಎಲ್ಲರಿಗೂ ಎಂಡೋಸ್ಕೋಪಿ ಬೇಕಾಗಿಲ್ಲ. ಆದರೆ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಚ್ಚಿಹಾಕುವ ಅಭ್ಯಾಸ ಬಿಡಬೇಕು. ನಲವತ್ತೈದು ಐವತ್ತು ದಾಟಿದವರಲ್ಲಿ ಹೊಸದಾಗಿ ಕಾಣಿಸಿಕೊಂಡು ಬಿಡದೆ ಕಾಡುವ ಅಜೀರ್ಣ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಕಪ್ಪು ಮಲ, ನುಂಗಲು ತೊಂದರೆ, ಪದೇ ಪದೇ ವಾಂತಿ, ಇವು ಕಂಡರೆ ಮೆಡಿಕಲ್ ಶಾಪಿನಲ್ಲಿ ಆಸಿಡಿಟಿ ಮಾತ್ರೆ ಕೊಂಡು ತಿಂಗಳುಗಟ್ಟಲೆ ನುಂಗುವುದು ಸಲ್ಲದು. ಆ ಮಾತ್ರೆಗಳು ಉರಿಯನ್ನು ತಗ್ಗಿಸಿ, ಒಳಗಿನ ಗೆಡ್ಡೆಗೆ ಬೆಳೆಯಲು ಸಮಯ ಕೊಟ್ಟಂತಾಗಬಹುದು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು 1994ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಲಾಗಿದೆ. ವೈದ್ಯರು ಪರೀಕ್ಷಿಸಿ ಔಷಧಿ ಕೊಟ್ಟರೆ ಅದನ್ನು ಅರ್ಧಕ್ಕೆ ನಿಲ್ಲಿಸಬಾರದು. ಹೊಗೆಸೊಪ್ಪು ಬಿಡುವುದು, ಅತಿಯಾದ ಉಪ್ಪನ್ನು ಕಡಿಮೆ ಮಾಡುವುದು ಕೂಡ ಅಪಾಯವನ್ನು ತಗ್ಗಿಸುತ್ತವೆ.

ಕಾಯಿಲೆ ಬಂದೇಬಿಟ್ಟಿದ್ದರೆ, ವೈದ್ಯರ ಬಳಿ ಹೋಗುವಾಗ ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

1. ಕಾಯಿಲೆ ಯಾವ ಹಂತದಲ್ಲಿದೆ? ಹಂತ ತಿಳಿಯಲು ಇನ್ನಾವ ಪರೀಕ್ಷೆ ಬಾಕಿ ಇದೆ?
2. ಚಿಕಿತ್ಸೆಯ ಗುರಿ ಗುಣಪಡಿಸುವುದೆ, ಆಯುಸ್ಸು ಹೆಚ್ಚಿಸುವುದೆ, ನೋವು ತಗ್ಗಿಸುವುದೆ?
3. ಇಂಥ ರೋಗಿಗಳಲ್ಲಿ ಬಹುಪಾಲು ಜನ ಎಷ್ಟರಿಂದ ಎಷ್ಟು ಕಾಲ ಬದುಕುತ್ತಾರೆ? ತೀರ ಕಡಿಮೆ ಎಷ್ಟು, ಹೆಚ್ಚೆಂದರೆ ಎಷ್ಟು?
4. ಚಿಕಿತ್ಸೆ ತೆಗೆದುಕೊಂಡರೆ ಈ ಲೆಕ್ಕ ಎಷ್ಟು ಬದಲಾಗುತ್ತದೆ, ಆ ಅವಧಿ ಹೇಗೆ ಕಳೆಯುತ್ತದೆ?
5. ಈ ಅಂದಾಜನ್ನು ಮತ್ತೆ ಯಾವಾಗ ಪರಿಶೀಲಿಸುತ್ತೀರಿ?

ಐದನೆಯ ಪ್ರಶ್ನೆಯನ್ನು ಮರೆಯಬೇಡಿ. ಮೊದಲ ದಿನದ ಅಂದಾಜು ಕೊನೆಯ ದಿನದವರೆಗೂ ಇರುವಂಥದ್ದಲ್ಲ. ಶಸ್ತ್ರಚಿಕಿತ್ಸೆಯ ನಂತರ ಅದು ಬದಲಾಗುತ್ತದೆ. ಕಾಯಿಲೆ ಮರುಕಳಿಸದೆ ಎರಡು ವರ್ಷ ಕಳೆದರೆ ಮತ್ತೆ ಬದಲಾಗುತ್ತದೆ, ಆಗ ಸಾಮಾನ್ಯವಾಗಿ ಒಳ್ಳೆಯ ಕಡೆಗೇ. ರೋಗಿಗೆ ಮನಸ್ಸಿದ್ದರೆ, ಈ ಚೀಟಿಯನ್ನು ಅವರ ಕೈಗೇ ಕೊಡಿ. ಅವರೇ ಕೇಳಲಿ, ನೀವು ಪಕ್ಕದಲ್ಲಿ ಕುಳಿತಿರಿ. ಎಷ್ಟು ದಿನ ಎಂಬುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಆ ದಿನಗಳನ್ನು ಯಾರ ಇಷ್ಟದಂತೆ ಕಳೆಯಬೇಕೆಂಬುದು ಮಾತ್ರ ನಮ್ಮ ಕೈಯಲ್ಲೇ ಇದೆ.